ನಾವು ಮಲಗಿರುವಾಗ ಬರುವ ಪ್ರಶ್ನೆಗೂ ಉತ್ತರ: ಸೀರೆ ವ್ಯಾಪಾರದಲ್ಲಿ ಆಟೋ ರಿಪ್ಲೈ ಬಳಸಿದ ನನ್ನ ಅನುಭವ

ಇಳಕಲ್ ಸೀರೆ ಕೊಳ್ಳುವವರು ಕೇಳುವ ಪ್ರಶ್ನೆಗಳು ಹೆಚ್ಚಿಲ್ಲ. ಕೈಮಗ್ಗದ್ದೋ, ಪವರ್‌ಲೂಮಿನದ್ದೋ? ಸೆರಗು ಅಪ್ಪಟ ರೇಷ್ಮೆಯೋ, ಆರ್ಟ್ ಸಿಲ್ಕೋ (ಕೃತಕ ರೇಷ್ಮೆ)? ಬಣ್ಣ ಬಿಡುತ್ತದಾ? ಆರು ಗಜವೋ, ಒಂಬತ್ತು ಗಜವೋ? ಅಂಗಡಿಗೆ ಬಂದವರಿಗೆ ಸೀರೆ ಹಾಸಿ ತೋರಿಸಿದರೆ ಮುಗಿಯಿತು. ಆನ್‌ಲೈನಿನಲ್ಲಿ ಹಾಗೆ ಹಾಸಿ ತೋರಿಸುವವರು ಯಾರೂ ಇಲ್ಲ. ಆ ಕೆಲಸವನ್ನು ತಾನಾಗಿ ಹೋಗುವ ಇಮೇಲ್‌ಗಳಿಂದ ಮಾಡಿಸಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ವಾಟ್ಸ್‌ಆ್ಯಪ್ ಇರುವಾಗ ಇಮೇಲ್ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಹುಬ್ಬಳ್ಳಿ, ಬೆಂಗಳೂರಿನ ಗಿರಾಕಿಗಳಿಗೆ ವಾಟ್ಸ್‌ಆ್ಯಪ್ ಸಾಕು. ಆದರೆ ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರು ವಿಚಾರಿಸುವುದು ಮೇಲ್‌ನಲ್ಲೇ ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಹತ್ತು ಗಂಟೆ ಎಂದರೆ ನಮಗೆ ರಾತ್ರಿ ಹತ್ತೂವರೆ ದಾಟಿರುತ್ತದೆ. ಅವರಿಗೆ ಸೀರೆ ಮೇಲೆ ಮನಸ್ಸು ಬಂದ ಹೊತ್ತಿನಲ್ಲಿ ನಾವು ಮಲಗಿರುತ್ತೇವೆ. ನಾವು ಎದ್ದು ಉತ್ತರ ಬರೆಯುವಷ್ಟರಲ್ಲಿ ಅವರು ಬೇರೆ ಕಡೆ ನೋಡಿರುತ್ತಾರೆ.

ಶುರು ಮಾಡಿದ್ದು ಒಂದು ಪೈಸೆ ಖರ್ಚಿಲ್ಲದೆ, ಜಿಮೇಲ್‌ನಲ್ಲೇ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಟೆಂಪ್ಲೇಟ್ಸ್ ಆನ್ ಮಾಡಿ, ಉತ್ತರವನ್ನು ಟೆಂಪ್ಲೇಟ್ ಆಗಿ ಉಳಿಸಿಕೊಂಡು, ಅದನ್ನೇ ಕಳಿಸುವಂತೆ ಒಂದು ಫಿಲ್ಟರ್ (ಬಂದ ಮೇಲ್‌ಗೆ ಏನು ಮಾಡಬೇಕೆಂಬ ನಿಯಮ) ಮಾಡಿದೆ. ರಜೆಯಲ್ಲಿ ಹೋಗುವವರು ಹಾಕುವ ವೆಕೇಶನ್ ರೆಸ್ಪಾಂಡರ್ ಇದಕ್ಕೆ ಆಗಿಬರುವುದಿಲ್ಲ. ಒಬ್ಬರೇ ಮತ್ತೆ ಮತ್ತೆ ಬರೆದರೂ ಅದು ನಾಲ್ಕು ದಿನಕ್ಕೆ ಒಂದೇ ಸಲ ಉತ್ತರಿಸುತ್ತದೆ, ಎಲ್ಲರಿಗೂ ಅದೇ ಮಾತು.

ಏನು ಬರೆಯಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಸಿದ್ಧ ನಮೂನೆಗಳು ಬೇಕಾದಷ್ಟು ಸಿಗುತ್ತವೆ: 'ನಿಮ್ಮ ಸಂದೇಶ ತಲುಪಿದೆ, ಶೀಘ್ರದಲ್ಲೇ ಸಂಪರ್ಕಿಸುತ್ತೇವೆ.' ಅದರಿಂದ ಓದುವವರಿಗೆ ಏನೂ ಸಿಗುವುದಿಲ್ಲ. ನಾನು ಫೋನಿನ ರೆಕಾರ್ಡರ್ ಆನ್ ಮಾಡಿ ಅಂಗಡಿಯಲ್ಲಿ ವೈನಿಯ (ಅತ್ತಿಗೆಯ) ಪಕ್ಕ ಕೂತೆ. ಕೈಮಗ್ಗದ್ದು ಹೌದೋ ಅಲ್ಲವೋ ಎಂದು ಯಾರೋ ಕೇಳಿದಾಗ ವೈನಿ ಹೇಳಿದ್ದು ಹೀಗೆ: "ಅಕ್ಕಾರ, ಸೆರಗ ಮಗುಚಿ ನೋಡ್ರಿ. ಸೆರಗು ಮೈ ಕೂಡೋ ಕಡೆ ಸಣ್ಣ ಸಣ್ಣ ಕೊಂಡಿ ಅದಾವ. ಬೆರಳಾಡಿಸಿದ್ರ ಕೈಗೆ ಹತ್ತತಾವ."

ನನ್ನ ಮೊದಲ ಮೇಲ್ ಅದೇ ಆಯಿತು. ಕೊಂಡಿ ಸಾಲಿನ ಹತ್ತಿರದ ಫೋಟೊ ಒಂದು, ಒಳಬದಿಯದ್ದು. ಅದರ ಕೆಳಗೆ ನಾಲ್ಕು ಸಾಲು: ಮೈಯ ಹಾಸು (ಮಗ್ಗದ ಉದ್ದಕ್ಕೆ ಹಾಕುವ ನೂಲು) ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ, ನೀವು ಯಾರ ಹತ್ತಿರ ಕೊಂಡರೂ ಇದನ್ನು ನೋಡಿ ಕೊಳ್ಳಿ. ಕೊನೆಗೆ ಒಂದು ಮಾತು: 'ಇದು ತಾನಾಗಿ ಬಂದ ಉತ್ತರ. ಬೆಳಿಗ್ಗೆ ಹನ್ನೊಂದರೊಳಗೆ ನಿಮ್ಮ ಪ್ರಶ್ನೆ ಓದಿ ನಾವೇ ಬರೆಯುತ್ತೇವೆ.' ಈ ಸಾಲನ್ನು ತೆಗೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರದ ಉತ್ತರವನ್ನು ಮನುಷ್ಯರದ್ದು ಎಂದು ನಂಬಿಸಲು ಹೋದರೆ, ಗೊತ್ತಾದ ಕ್ಷಣಕ್ಕೆ ಸೀರೆಯ ಮೇಲಿನ ನಂಬಿಕೆಯೂ ಹೋಗುತ್ತದೆ.

ವಿಚಾರಣೆ ಹೆಚ್ಚಾದ ಮೇಲೆ ತಿಂಗಳ ಬಾಡಿಗೆಯ ಇಮೇಲ್ ಸೇವೆಗೆ ಬಂದೆ. ಮೇಲ್‌ಗಳನ್ನು ಸರಣಿಯಾಗಿ ಜೋಡಿಸಬಹುದು ಅನ್ನುವುದೇ ಇದರ ಲಾಭ. ನನ್ನ ಸರಣಿ ಚಿಕ್ಕದು. ಕೊಂಡಿಯ ಮೇಲ್ ಆದ ಎರಡು ದಿನಕ್ಕೆ ಸೆರಗಿನ ರೇಷ್ಮೆ ಮತ್ತು ಬೆಲೆಯ ವ್ಯತ್ಯಾಸದ ಬಗ್ಗೆ ಇನ್ನೊಂದು, ವಾರದ ನಂತರ ಗೋಮಿ, ಪರಾಸಪೇಟಿ, ಗಾಡಿ ಎಂಬ ದಡಿಗಳ (ಸೀರೆಯ ಅಂಚುಗಳ) ಫೋಟೊ ಇರುವ ಮತ್ತೊಂದು. ಅಷ್ಟೇ. ನಡುವೆ ಅವರು ಉತ್ತರ ಬರೆದರೆ ಅಥವಾ ಕೊಂಡರೆ ಸರಣಿ ಅಲ್ಲೇ ನಿಲ್ಲಬೇಕು. ಈ ನಿಲ್ಲುವ ಷರತ್ತನ್ನು ಹಾಕದೆ ಯಾವ ಸರಣಿಯನ್ನೂ ಶುರು ಮಾಡಬೇಡಿ. ನಿನ್ನೆ ಸೀರೆ ಕೊಂಡವರಿಗೆ ಇವತ್ತು 'ಇನ್ನೂ ಯೋಚಿಸುತ್ತಿದ್ದೀರಾ?' ಎಂಬ ಮೇಲ್ ಹೋಗುವುದು ಅವಮಾನ ಮಾಡಿದ ಹಾಗೆ.

ಫಿಲ್ಟರಿನಲ್ಲಿ ಇನ್ನೊಂದು ತಡೆ ಇದೆ. ಹರಿದಿದೆ, ವಾಪಸ್, ರಿಫಂಡ್, ಡ್ಯಾಮೇಜ್ ಎಂಬ ಪದಗಳು ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಕಂಡರೆ ಆಟೋ ರಿಪ್ಲೈ ಹೋಗುವುದಿಲ್ಲ, ನನ್ನ ಫೋನಿಗೆ ಸೂಚನೆ ಬರುತ್ತದೆ. ಸಿಟ್ಟಿನಲ್ಲಿರುವವರಿಗೆ ದಡಿಯ ಫೋಟೊ ಕಳಿಸುವ ವ್ಯಾಪಾರ ಉಳಿಯುವುದಿಲ್ಲ.

ಕನ್ನಡದಲ್ಲಿ ಕಳಿಸುವಾಗ ಒಂದು ತೊಡಕಿದೆ. ಹೆಸರನ್ನು ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲೇ ತುಂಬಿರುತ್ತಾರೆ. ಅದನ್ನು ಹಾಗೇ ಎಳೆದು 'ಅವರೇ' ಎಂದು ಸೇರಿಸಿದರೆ ಸಾಲು ಅರ್ಧ ಇಂಗ್ಲಿಷ್, ಅರ್ಧ ಕನ್ನಡವಾಗಿ ಕಾಣುತ್ತದೆ. ನಾನು ಹೆಸರನ್ನೇ ಬಿಟ್ಟು 'ನಮಸ್ಕಾರ್ರೀ' ಎಂದು ಶುರು ಮಾಡುತ್ತೇನೆ, ಉತ್ತರ ಕರ್ನಾಟಕದವರು ಅದನ್ನು ನೋಡಿಯೇ ಖುಷಿಪಡುತ್ತಾರೆ. ಕನ್ನಡ ಬೇಕೋ ಇಂಗ್ಲಿಷ್ ಬೇಕೋ ಎಂದು ಫಾರ್ಮಿನಲ್ಲೇ ಕೇಳಿಬಿಡುವುದು ಒಳ್ಳೆಯದು. ವಿಷಯದ ಸಾಲಿನ ಮೊದಲ ಎರಡು ಪದದಲ್ಲೇ ಹೇಳುವುದನ್ನು ಹೇಳಬೇಕು, ಮೊಬೈಲಿನಲ್ಲಿ ಉಳಿದದ್ದು ಕಾಣುವುದಿಲ್ಲ.

ತಾಂತ್ರಿಕ ಕೆಲಸವನ್ನು ಹುಡುಗರಿಗೆ ವಹಿಸಿದರೂ ಆಗಿದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಸ್ವಂತ ಡೊಮೇನಿನಿಂದ ಕಳಿಸುವಾಗ ಮೇಲ್ ನಿಜಕ್ಕೂ ನಮ್ಮ ಡೊಮೇನಿನದ್ದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಸಿ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಗೂಗಲ್ ಇದನ್ನು ಕಡ್ಡಾಯ ಮಾಡಿದೆ. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು, ಪ್ರಚಾರದ ಮೇಲ್ ಬೇಡವೆಂದವರು ಒಂದೇ ಕ್ಲಿಕ್ಕಿನಲ್ಲಿ ಹೊರಹೋಗುವಂತಿರಬೇಕು. ನಾವು ಅಷ್ಟು ದೊಡ್ಡವರಲ್ಲ, ಆದರೂ ನಾನು ಅದನ್ನೇ ಪಾಲಿಸುತ್ತೇನೆ. ಎಷ್ಟು ಜನ ಮೇಲ್ ತೆರೆದರು ಎಂಬ ಲೆಕ್ಕದ ಹಿಂದೆ ಬೀಳಬೇಡಿ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ಸೌಲಭ್ಯ ತಂದ ಮೇಲೆ, ಓದದಿದ್ದರೂ ತೆರೆದಂತೆ ತೋರಿಸುವುದುಂಟು. ನಾನು ಎಣಿಸುವುದು ತಿರುಗಿ ಬಂದ ಉತ್ತರಗಳನ್ನು.

ಮಾರಾಟ ತಂದುಕೊಡುವುದು ಮಾರಾಟವಾದ ಮೇಲೆ ಹೋಗುವ ಮೇಲ್‌ಗಳೇ ಎಂಬುದು ನನ್ನ ಅನುಭವ. ಪಾರ್ಸೆಲ್ ಮುಟ್ಟಿದ ದಿನ ಮೊದಲ ಒಗೆತದ ಬಗ್ಗೆ ಒಂದು ಮೇಲ್ ಹೋಗುತ್ತದೆ: ಬೇರೆ ಬಟ್ಟೆಯೊಂದಿಗೆ ಹಾಕಬೇಡಿ, ತಣ್ಣೀರು ಸಾಕು, ನೆರಳಲ್ಲಿ ಒಣಗಿಸಿ. ಕೆಲವು ದಿನ ಬಿಟ್ಟು ಆ ಬಣ್ಣದ ಸೀರೆಗೆ ಒಪ್ಪುವ ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ಫೋಟೊ. ಸೀರೆ ಮೇಲೆ ಖಣದ ಕುಬಸ (ರವಿಕೆ) ನಮ್ಮಲ್ಲಿ ಹಿಂದಿನಿಂದ ಬಂದ ಜೋಡಿ, ಹಾಗಾಗಿ ಒತ್ತಾಯ ಮಾಡಿ ಮಾರಿದಂತೆ ಅನ್ನಿಸುವುದಿಲ್ಲ. ಅದಾದ ಮೇಲೆ ನಾಗರಪಂಚಮಿಗೆ ಮುಂಚೆ ಒಂದು ಮೇಲ್, ದಸರೆಗೆ ಮುಂಚೆ ಒಂದು.

ಹೇಳಿ ನೇಯಿಸುವ ಸೀರೆಗೆ ಬೇರೆಯೇ ಸರಣಿ ಇದೆ. ಕೊಂಡಿ ಸೆರಗಿನ ಸೀರೆಗೆ ಪ್ರತಿಯೊಂದಕ್ಕೂ ಹಾಸು ಹೊಸದಾಗಿ ಸಿದ್ಧವಾಗಬೇಕು, ಅದಕ್ಕೇ ತಡ. ನೂಲಿಗೆ ಬಣ್ಣ ಹಾಕಿದಾಗ, ಹಾಸು ಮಗ್ಗಕ್ಕೆ ಏರಿದಾಗ, ಸೆರಗು ಕೂಡಿಸಿದಾಗ ನಾನು ಶೀಟಿನಲ್ಲಿ ಒಂದು ಗುರುತು ಹಾಕುತ್ತೇನೆ. ಆಯಾ ಹಂತದ ಫೋಟೊ ಸಮೇತ ಮೇಲ್ ತಾನಾಗಿ ಹೋಗುತ್ತದೆ. 'ಎಲ್ಲಿಗೆ ಬಂತು?' ಎಂಬ ಫೋನುಗಳು ಬಹುತೇಕ ನಿಂತಿವೆ. ಮಗ್ಗದ ಮೇಲಿನ ಫೋಟೊ ನೋಡಿದವರಲ್ಲಿ ಕೆಲವರು ಅದೇ ಮೇಲ್‌ಗೆ ಉತ್ತರವಾಗಿ ಅಕ್ಕನಿಗೋ, ಸೊಸೆಗೋ ಇನ್ನೊಂದು ಸೀರೆ ಹೇಳುತ್ತಾರೆ.