ಆಯ್ಕೆಗಳು ತಾಳೆಯಾಗುತ್ತವೆಯೇ? ಚಿಕ್ಕಿ–ಜ್ಯೂಸ್ ಪರೀಕ್ಷೆ

ಅರ್ಥಶಾಸ್ತ್ರದಲ್ಲಿ ‘ತರ್ಕಬದ್ಧ’ ಎಂದರೆ ಜಾಣತನದ ಖರೀದಿಯಲ್ಲ. ಒಬ್ಬರದೇ ಆಯ್ಕೆಗಳು ಒಂದಕ್ಕೊಂದು ತಾಳೆಯಾಗಬೇಕು, ಅಷ್ಟೇ. ಚಿಕ್ಕಿ, ಜ್ಯೂಸ್‌ಗಳಲ್ಲಿ ಪ್ರತಿ ಸಲವೂ ಬರೀ ಚಿಕ್ಕಿಯನ್ನೇ ಆರಿಸಿದವರೂ ಪಾಸು. 1938ರಲ್ಲಿ ಅರ್ಥಶಾಸ್ತ್ರಜ್ಞ ಸ್ಯಾಮುಯೆಲ್ಸನ್ ಹಾಕಿದ ತಳಹದಿಯನ್ನು ಅದೇ ಕ್ಷೇತ್ರದ ಆಫ್ರಿಯಾಟ್ (1967), ವೇರಿಯನ್ (1982) ಲೆಕ್ಕ ಮಾಡಿ ನೋಡಬಹುದಾದ ಪರೀಕ್ಷೆಯಾಗಿಸಿದರು. ಇದನ್ನು ತರಗತಿಯಲ್ಲೇ ನಡೆಸಬಹುದು.

ಒಬ್ಬೊಬ್ಬರಿಗೂ 11 ಚೀಟಿ ಸಾಕು. ಪ್ರತಿ ಚೀಟಿಯಲ್ಲೂ ಚಿಕ್ಕಿ, ಜ್ಯೂಸ್‌ಗೆ ಬೇರೆ ಬೆಲೆ, ಮತ್ತು ಟೋಕನ್ (ಆಟದ ಹಣ) ಪೂರ್ತಿ ಖರ್ಚಾಗುವ ಚಿಕ್ಕಿ–ಜ್ಯೂಸ್ ಜೋಡಿಗಳು. ಒಂದಕ್ಕೆ ಮಾತ್ರ ಟಿಕ್.

ಎರಡು ಚೀಟಿ ನೋಡಿ. ಎರಡರಲ್ಲೂ 12 ಟೋಕನ್. ಮೊದಲನೆಯದರಲ್ಲಿ ಚಿಕ್ಕಿ 1, ಜ್ಯೂಸ್ 2 ಟೋಕನ್. ಎರಡನೆಯದರಲ್ಲಿ ಚಿಕ್ಕಿ 2, ಜ್ಯೂಸ್ 1. ಒಬ್ಬರು ಮೊದಲನೆಯದರಲ್ಲಿ 2 ಚಿಕ್ಕಿ–5 ಜ್ಯೂಸ್, ಎರಡನೆಯದರಲ್ಲಿ 5 ಚಿಕ್ಕಿ–2 ಜ್ಯೂಸ್ ಆರಿಸಿದರು ಎನ್ನೋಣ. ಈಗ ಬೆಲೆ ಅದಲುಬದಲು ಮಾಡಿ. ಎರಡನೇ ಆಯ್ಕೆಗೆ ಮೊದಲ ಚೀಟಿಯ ಬೆಲೆಯಲ್ಲಿ 5+4=9; ಮೊದಲ ಆಯ್ಕೆಗೆ ಎರಡನೇ ಚೀಟಿಯ ಬೆಲೆಯಲ್ಲಿ 4+5=9. ಎರಡೂ ಕಡೆ ಇನ್ನೊಂದು ಕೈಗೆಟುಕುವಂತಿತ್ತು, ಮೇಲೆ 3 ಟೋಕನ್ ಉಳಿಯುತ್ತಿತ್ತು, ಆದರೂ ಬಿಟ್ಟರು. ಆಯ್ಕೆಗಳು ತಾಳೆಯಾಗಲಿಲ್ಲ; ಇದು ಉಲ್ಲಂಘನೆ. ತಾಳೆ ಎಷ್ಟಿದೆ ಎಂದು ಅಳೆಯುವ ಆಫ್ರಿಯಾಟ್ ಸೂಚ್ಯಂಕ (1 ಎಂದರೆ ಪೂರ್ತಿ ತಾಳೆ) ಇಲ್ಲಿ 9/12, ಅಂದರೆ 0.75. ವೇರಿಯನ್ ಸೂಚಿಸಿದ ಗಡಿ 0.95, ಅದಕ್ಕಿಂತ ಮೇಲಿದ್ದರೆ ಸಣ್ಣ ಎಡವಟ್ಟೆಂದು ಬಿಡಬಹುದು. 11 ಚೀಟಿಗಳನ್ನು ಎರಡೆರಡಾಗಿ ಹೋಲಿಸಿದರೆ 55 ಚೀಟಿ-ಜೋಡಿ; ಎಲ್ಲವನ್ನೂ ಹೀಗೆ ಪರಿಶೀಲಿಸಬೇಕು. ವಸ್ತುಗಳು ಮೂರಾದರೆ ಜೋಡಿ ನೋಡಿದರೆ ಸಾಲದು, ಸುತ್ತು ಹೊಡೆಯುವ ಸರಪಳಿಗಳನ್ನೂ (ಎರಡಕ್ಕಿಂತ ಒಂದು, ಮೂರಕ್ಕಿಂತ ಎರಡು, ಮತ್ತೆ ಒಂದಕ್ಕಿಂತ ಮೂರು ಮೇಲು ಎಂಬಂಥವು) ಹುಡುಕಬೇಕು. ಅದಕ್ಕೆ ಕಂಪ್ಯೂಟರ್ ಬೇಕು.

ಕೊನೆಯಲ್ಲಿ ಒಂದು ಚೀಟಿ ಎತ್ತಿ, ಅದರಲ್ಲಿ ಆರಿಸಿದ್ದನ್ನೇ ನಿಜಕ್ಕೂ ಕೊಡಿ. ಏನೂ ಸಿಗದಿದ್ದರೆ ಕಾಟಾಚಾರಕ್ಕೆ ಟಿಕ್ ಹಾಕುತ್ತಾರೆ; ಪ್ರತಿ ಸಲವೂ ಕೊಟ್ಟರೆ ಕೈಯಲ್ಲಿರುವ ಚಿಕ್ಕಿ ಮುಂದಿನ ಆಯ್ಕೆಯನ್ನು ಕೆಡಿಸುತ್ತದೆ. ಚೀಟಿಗಳನ್ನು ಕಲಸಿ ಕೊಡಿ, ತುಂಬಿದ್ದನ್ನು ತಕ್ಷಣ ವಾಪಸ್ ಪಡೆಯಿರಿ. ಆಮೇಲೆ ಗೆಳೆಯರೊಂದಿಗೆ ಬದಲಾಯಿಸಿಕೊಳ್ಳಬಹುದು ಎಂಬ ಸುಳಿವು ಸಿಕ್ಕರಂತೂ ಆಟ ಕೆಟ್ಟಿತು.

ಬಹಳ ಜನ ಎಡವುವುದು ಬೆಲೆ ನಿಗದಿಯಲ್ಲಿ. ಟೋಕನ್ ಹೆಚ್ಚಿಸಿ ಬೆಲೆ ಹಾಗೇ ಬಿಟ್ಟರೆ ಬಜೆಟ್ ರೇಖೆಗಳು (ಟೋಕನ್ ಪೂರ್ತಿ ಖರ್ಚಾಗುವ ಜೋಡಿಗಳನ್ನು ನಕ್ಷೆಯಲ್ಲಿ ಸೇರಿಸುವ ಗೆರೆಗಳು) ಒಂದನ್ನೊಂದು ಕತ್ತರಿಸುವುದೇ ಇಲ್ಲ, ಉಲ್ಲಂಘನೆಗೆ ಅವಕಾಶವೂ ಇಲ್ಲ. ಮೇಲಿನ ಎರಡು ಚೀಟಿಯಲ್ಲೇ ಏಳೇಳು ಜೋಡಿ, ಒಟ್ಟು 49 ಸಾಧ್ಯತೆ. ಉಲ್ಲಂಘನೆ 8 ಮಾತ್ರ. ಕಣ್ಣುಮುಚ್ಚಿ ಟಿಕ್ ಹಾಕಿದರೂ ಶೇ. 84ರಷ್ಟು ಸಲ ಪಾಸು! ಆದ್ದರಿಂದ ಹಂಚುವ ಮೊದಲು 11 ಚೀಟಿಯನ್ನೂ ಸ್ಪ್ರೆಡ್‌ಶೀಟ್‌ನಲ್ಲಿ ಸಾವಿರ ಸಲ ಯಾದೃಚ್ಛಿಕವಾಗಿ ತುಂಬಿಸಿ ನೋಡಿ. ಪಾಸಾಗುವವು ಹೆಚ್ಚಿದ್ದರೆ, ರೇಖೆಗಳು ನಡುಭಾಗದಲ್ಲಿ ಕತ್ತರಿಸುವಂತೆ ಬೆಲೆ ಬದಲಿಸಿ.