ಮುಳುಗುತ್ತಿದ್ದ ಜಿಮ್‌ನಿಂದ ಹೊರಬಂದದ್ದು

ಮನೆ ಹತ್ತಿರದ ಜಿಮ್‌ನಲ್ಲಿ ಮೊದಲು ಎ.ಸಿ. ನಿಂತಿತು, ಆಮೇಲೆ ಸಂಬಳವಿಲ್ಲದೆ ತರಬೇತುದಾರರು ಒಬ್ಬೊಬ್ಬರಾಗಿ ಹೊರಟರು. ಟ್ರೆಡ್‌ಮಿಲ್ ಮೇಲಿನ ‘ದುರಸ್ತಿಯಲ್ಲಿದೆ’ ಚೀಟಿ ಹಳದಿಗಟ್ಟಿತ್ತು. ಒಪ್ಪಂದದಲ್ಲಿ ಇನ್ನೂ 7 ತಿಂಗಳು ಬಾಕಿ. ಕಂತು ಮಾತ್ರ ತಪ್ಪದೆ ಖಾತೆಯಿಂದ ಹೋಗುತ್ತಿತ್ತು. ಕೇಳಿದರೆ, ‘ಮುಂದಿನ ವಾರ ಬನ್ನಿ ಸರ್.’ ಮೂರು ವಾರ ಅಲೆದದ್ದು ನನ್ನದೇ ದಡ್ಡತನ.

ಕೊನೆಗೆ ಯಾವ ಸೇವೆ ಎಂದಿನಿಂದ ನಿಂತಿದೆ ಎಂದು ದಿನಾಂಕ ಸಹಿತ ಬರೆದು, ಫೋಟೊ ಲಗತ್ತಿಸಿ, ಒಪ್ಪಂದ ರದ್ದುಪಡಿಸುವಂತೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಕಳುಹಿಸಿದೆ. ಅದೇ ದಿನ, ಕಂತು ತಾನಾಗಿ ಕಡಿತವಾಗುತ್ತಿದ್ದ ಯುಪಿಐ ಆಟೊಪೇ ನಿಲ್ಲಿಸಿದೆ. (ಜಿಮ್ ಶುಲ್ಕಕ್ಕೆ ಸಾಲ ಮಾಡಿದ್ದು, ಹೋಗುತ್ತಿರುವುದು ಆ ಸಾಲದ ಕಂತಾಗಿದ್ದರೆ ಹಾಗೆ ನಿಲ್ಲಿಸಬೇಡಿ, ಮೊದಲು ಸಾಲ ಕೊಟ್ಟವರಿಗೆ ಬರೆಯಿರಿ.) ಉತ್ತರವಿಲ್ಲದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಹನ್ನೊಂದನೆಯ ದಿನ ರದ್ದತಿ ಪತ್ರ ಬಂತು. ಲಾಕರ್‌ಗೆಂದು ಕಟ್ಟಿದ್ದ 500 ರೂಪಾಯಿ ಠೇವಣಿ ಮಾತ್ರ ಇನ್ನೂ ಬಂದಿಲ್ಲ.