ಬಾಕ್ಸ್ ಸೆಟ್: ಕೊಳ್ಳುವ ಮೊದಲು ಬೆನ್ನು ಓದಿ, ಬಂದ ಮೇಲೆ ಹೊಟ್ಟೆ ನೋಡಿ

ವರ್ಷಗಟ್ಟಲೆ ಕಾದ ಸೈನ್ಸ್ ಫಿಕ್ಷನ್ ಸೀರಿಯಲ್ ಕೊನೆಗೂ ಡಿಸ್ಕಿನಲ್ಲಿ ಬಂತು ಅಂತ ಗೊತ್ತಾದ ರಾತ್ರಿಯೇ ಆರ್ಡರ್ ಹಾಕುವವರು ಹೆಚ್ಚು. ಮೂರು ವಾರ ಕಳೆದು ಬಾಕ್ಸ್ ಜಯನಗರದ ಮನೆಗೆ ಬರುತ್ತದೆ, ಪ್ಲೇಯರ್ ಡಿಸ್ಕನ್ನು ನುಂಗುತ್ತದೆ, ಟಿವಿಯಲ್ಲಿ ಒಂದೇ ಸಾಲು: ಈ ಡಿಸ್ಕ್ ನಿಮ್ಮ ರೀಜನ್‌ನದಲ್ಲ. ರೀಜನ್ ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕೆಂದು ಹಾಕಿದ ಬೀಗ. ಇಂಥ ಸೆಟ್‌ಗಳು ಇಲ್ಲಿ ಬಿಡುಗಡೆಯಾಗುವುದು ಅಪರೂಪ, ಅಮೆರಿಕದಿಂದಲೋ ಬ್ರಿಟನ್ನಿನಿಂದಲೋ ತರಿಸಬೇಕು. ಆದ್ದರಿಂದ ದುಡ್ಡು ಕೊಡುವ ಮೊದಲು ಬಾಕ್ಸಿನ ಬೆನ್ನು ಓದಿ. ಕೈಗೆ ಬಂದ ಮೇಲೆ ಒಂದೊಂದು ಡಿಸ್ಕನ್ನೂ ಓಡಿಸಿ ನೋಡಿ. ಮಿಕ್ಕಿದ್ದೆಲ್ಲ ಆಮೇಲೆ.

ಬೆನ್ನಿನ ಮೇಲೆ

ಮಾರುವವರ ಪುಟದಲ್ಲಿ ಹಿಂಬದಿಯ ಫೋಟೊ ಇರುತ್ತದೆ. ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಡಿವಿಡಿಯಾದರೆ ಪುಟ್ಟ ಭೂಗೋಳದ ಗುರುತಿನೊಳಗೆ ಒಂದು ಅಂಕಿ ಕಾಣುತ್ತದೆ. 1 ಅಂದರೆ ಅಮೆರಿಕ, ಕೆನಡಾ. 2 ಯುರೋಪ್ ಮತ್ತು ಜಪಾನ್. 4 ಆಸ್ಟ್ರೇಲಿಯಾ, ಲ್ಯಾಟಿನ್ ಅಮೆರಿಕ. ಭಾರತ 5. ಬ್ಲೂ-ರೇಯಲ್ಲಿ ಅಂಕಿಯ ಬದಲು ಷಟ್ಕೋನದೊಳಗೆ ಅಕ್ಷರ: ಎ ಅಮೆರಿಕ ಮತ್ತು ಜಪಾನ್ ಕಡೆಗೆ, ಬಿ ಯುರೋಪ್ ಮತ್ತು ಆಸ್ಟ್ರೇಲಿಯಾಕ್ಕೆ, ಸಿ ಭಾರತ, ಚೀನಾ, ರಷ್ಯಾಗಳಿಗೆ. ಮೂರೂ ಅಕ್ಷರ ಇದ್ದರೆ ಚಿಂತೆಯಿಲ್ಲ. 4ಕೆ ಡಿಸ್ಕಿಗೆ ರೀಜನ್ ಬೀಗವೇ ಇಲ್ಲ. ಆದರೆ ಅದೇ ಬಾಕ್ಸಿನಲ್ಲಿ ಸಂದರ್ಶನ, ಮೇಕಿಂಗ್ ಇತ್ಯಾದಿ ತುಂಬಿದ ಬ್ಲೂ-ರೇ ಇದ್ದರೆ ಅದಕ್ಕೆ ಬೀಗ ಇರಬಹುದು.

ಆಮೇಲೆ ನೋಡಬೇಕಾದದ್ದು ಟಿವಿ ಚಿತ್ರದ ಪದ್ಧತಿ: ಯುರೋಪಿನ ಪ್ಯಾಲ್ ಅಥವಾ ಅಮೆರಿಕದ ಎನ್‌ಟಿಎಸ್‌ಸಿ. ಇದು ಬಣ್ಣದ ವಿಚಾರ ಮಾತ್ರ ಅಂದುಕೊಂಡವರು ಬಹಳ, ಆದರೆ ವೇಗವೂ ಇದರಲ್ಲೇ ಇದೆ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮಿನಲ್ಲಿ ತೆಗೆದ ಸೀರಿಯಲ್ಲನ್ನು ಪ್ಯಾಲ್ ಡಿವಿಡಿಗೆ ಹಾಕುವಾಗ ಸಾಮಾನ್ಯವಾಗಿ 25 ಫ್ರೇಮಿಗೆ ಓಡಿಸುತ್ತಾರೆ. 45 ನಿಮಿಷದ ಕಂತು 43 ನಿಮಿಷ 12 ಸೆಕೆಂಡಿಗೆ ಮುಗಿಯುತ್ತದೆ. ಸ್ವರವನ್ನು ಸರಿಪಡಿಸದೆ ಬಿಟ್ಟಿದ್ದರೆ ಎಲ್ಲರ ದನಿ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರಿರುತ್ತದೆ, ಟೈಟಲ್ ಸಂಗೀತ ಬಾಯಿಪಾಠ ಇರುವವರಿಗೆ ಮೊದಲ ಹತ್ತು ಸೆಕೆಂಡಿನಲ್ಲೇ ಕಿರಿಕಿರಿ. ಹಾಗಾಗಿ ಡಿವಿಡಿಯಾದರೆ ಅಮೆರಿಕದ ಸೀರಿಯಲ್ಲಿಗೆ ಎನ್‌ಟಿಎಸ್‌ಸಿ, ಬ್ರಿಟಿಷ್ ಸೀರಿಯಲ್ಲಿಗೆ ಪ್ಯಾಲ್: ಹುಟ್ಟಿದ ಊರಿನ ಸೆಟ್ಟೇ ಒಳ್ಳೆಯದು.

ಚಿತ್ರದ ಅಳತೆಯಲ್ಲಿ 1.33 ಇದ್ದರೆ ಹಳೆಯ ಚೌಕ ಟಿವಿಯ ಆಕಾರ, 1.78 ಇದ್ದರೆ ಇವತ್ತಿನ ಅಗಲ ಆಕಾರ. ತೊಂಬತ್ತರ ದಶಕದ ಸೀರಿಯಲ್ಲಿಗೆ ಅಗಲ ಆಕಾರ ಕಂಡರೆ ಖುಷಿಪಡುವ ಮೊದಲು ಅನುಮಾನಪಡಿ. ಬ್ಯಾಬಿಲಾನ್ 5ರ ಕಥೆ ಇದಕ್ಕೆ ಪಾಠ. ನಟರ ದೃಶ್ಯಗಳನ್ನು ಅಗಲಕ್ಕೂ ಹೊಂದುವಂತೆ ಫಿಲ್ಮಿನಲ್ಲಿ ತೆಗೆದಿದ್ದರು, ಕಂಪ್ಯೂಟರ್ ಗ್ರಾಫಿಕ್ಸ್ ಮಾತ್ರ ಚೌಕದಲ್ಲೇ ಮಾಡಿದ್ದರು. ಅಗಲ ಡಿವಿಡಿ ಮಾಡುವಾಗ ಆ ದೃಶ್ಯಗಳ ಮೇಲೆ ಕೆಳಗೆ ಕತ್ತರಿಸಿ ಹಿಗ್ಗಿಸಬೇಕಾಯಿತು. ನೌಕೆಗಳು ಬಂದಾಗಲೆಲ್ಲ ಚಿತ್ರ ಮಸುಕಾಗುವುದು ಅದಕ್ಕೇ. 2023ರ ಬ್ಲೂ-ರೇಯಲ್ಲಿ ಮತ್ತೆ ಚೌಕಕ್ಕೇ ಹೋದರು, ಅದೇ ಸರಿ.

‘ಬ್ಲೂ-ರೇ’ ಎಂದ ಮಾತ್ರಕ್ಕೆ ಎಚ್‌ಡಿ ಎಂದೂ ನಂಬಬೇಡಿ. ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್‌ನ 178 ಕಂತುಗಳ ಮೂಲ ನೆಗೆಟಿವ್ ಹುಡುಕಿ ತೆಗೆದು, ಹೊಸದಾಗಿ ಸ್ಕ್ಯಾನ್ ಮಾಡಿ, ಮೊದಲಿನಿಂದ ಎಡಿಟ್ ಮಾಡಿ 2012ರಿಂದ 2014ರವರೆಗೆ ಸೀಸನ್ ಸೀಸನ್ನಾಗಿ ಬಿಟ್ಟರು. ಅಷ್ಟು ಖರ್ಚು ಎಲ್ಲ ಸೀರಿಯಲ್ಲಿಗೂ ಮಾಡುವುದಿಲ್ಲ. ವಿಡಿಯೋ ಟೇಪಿನಲ್ಲೇ ತೆಗೆದ ಸ್ಟುಡಿಯೋ ದೃಶ್ಯಗಳಿಗೆ ನೆಗೆಟಿವ್ ಎಂಬುದೇ ಇಲ್ಲ, ಅವನ್ನು ಹಿಗ್ಗಿಸಬಹುದು ಅಷ್ಟೆ. ವಿವರದಲ್ಲಿ ‘ಮೂಲ ನೆಗೆಟಿವ್‌ನಿಂದ ಹೊಸ ಸ್ಕ್ಯಾನ್’ ಎಂಬ ಅರ್ಥದ ಮಾತು ಇದೆಯೇ ನೋಡಿ. ಕೈಯಲ್ಲಿರುವ ಡಿವಿಡಿಯನ್ನೇ ಇನ್ನೊಮ್ಮೆ ದುಬಾರಿಗೆ ಕೊಳ್ಳುವ ಅಪಾಯ ತಪ್ಪುತ್ತದೆ.

ಕೊನೆಯದು ಸಬ್‌ಟೈಟಲ್. ಹಳೆಯ ರೀಜನ್ 1 ಡಿವಿಡಿಗಳಲ್ಲಿ ಸಬ್‌ಟೈಟಲ್ ಇಲ್ಲದೆ ಬರೀ ‘ಸಿಸಿ’ (ಕ್ಲೋಸ್ಡ್ ಕ್ಯಾಪ್ಷನ್) ಎಂದಿರುವುದುಂಟು. ಎರಡೂ ಒಂದೇ ಅಲ್ಲ. ಸಿಸಿ ಸಾಲುಗಳು ಹಳೆಯ ಟಿವಿ ಸಿಗ್ನಲ್ಲಿನೊಳಗೆ ಅಡಗಿ ಬರುವಂಥವು, ಎಚ್‌ಡಿಎಂಐ ಕೇಬಲ್ ಅವನ್ನು ದಾಟಿಸುವುದಿಲ್ಲ. ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ನೋಡುವ ಆಸೆಯಿದ್ದರೆ ಸಬ್‌ಟೈಟಲ್ ಬೇಕೇ ಬೇಕು, ಇಲ್ಲದಿದ್ದರೆ ವಿದೇಶಿ ಉಚ್ಚಾರ ಹಿಡಿಯದೆ ಅವರು ಎರಡನೇ ಕಂತಿಗೇ ಎದ್ದು ಹೋಗುತ್ತಾರೆ.

ಪ್ಲೇಯರ್

ಬೆಂಗಳೂರಿನ ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರು ‘ಮಲ್ಟಿ ರೀಜನ್ ಸಾರ್, ಎಲ್ಲಾ ಓಡುತ್ತೆ’ ಎನ್ನುವುದು ಸುಳ್ಳಲ್ಲ, ಅರ್ಧ ನಿಜ. ಹೆಚ್ಚಿನ ಪ್ಲೇಯರ್‌ಗಳಲ್ಲಿ ಆ ಮಾತು ಡಿವಿಡಿಗೆ ಮಾತ್ರ ಅನ್ವಯಿಸುತ್ತದೆ. ಡಿವಿಡಿಯ ಬೀಗ ರಿಮೋಟಿನಲ್ಲಿ ನಾಲ್ಕಾರು ಅಂಕಿ ಒತ್ತಿದರೆ ಬಿಚ್ಚುವ ಮಾಡೆಲ್‌ಗಳು ಬೇಕಾದಷ್ಟಿವೆ. ಬ್ಲೂ-ರೇ ಬೀಗ ಹಾಗಲ್ಲ, ಹೆಚ್ಚಾಗಿ ಒಳಗಿನ ಸರ್ಕ್ಯೂಟನ್ನೇ ಮುಟ್ಟಬೇಕು. ಅಂಗಡಿಗೆ ಹೋಗುವಾಗ ಬೇರೆ ರೀಜನ್ನಿನ ಒಂದು ಡಿವಿಡಿ, ಒಂದು ಬ್ಲೂ-ರೇ ಜೊತೆಗೆ ಒಯ್ಯಿರಿ, ಅಲ್ಲೇ ಹಾಕಿಸಿ, ಮೆನು ದಾಟಿ ಕಂತು ಶುರುವಾದ ಮೇಲೆ ದುಡ್ಡು ಕೊಡಿ. ಕೆಲವು ರೀಜನ್ 1 ಡಿಸ್ಕುಗಳು ಪ್ಲೇಯರ್ ‘0’ಗೆ, ಅಂದರೆ ಎಲ್ಲಾ ರೀಜನ್‌ಗೆ ಇಟ್ಟಿದೆಯೇ ಎಂದು ಪತ್ತೆಹಚ್ಚಿ ಓಡಲು ಒಪ್ಪುವುದಿಲ್ಲ. ಆಗ 0 ಬಿಟ್ಟು 1ಕ್ಕೇ ಇಡಬೇಕು.

ಅಮೆರಿಕದಿಂದ ಬರುವ ಬಂಧುಗಳ ಕೈಲಿ ಪ್ಲೇಯರನ್ನೇ ತರಿಸುವ ಯೋಚನೆ ಇದ್ದರೆ ಎರಡು ತಕರಾರು. ಹಿಂಬದಿಯ ಲೇಬಲ್ಲಿನಲ್ಲಿ 100–240 ವೋಲ್ಟ್ ಎಂದಿರಬೇಕು. ಬರೀ 120 ಎಂದಿದ್ದು ನೇರ ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟ ವಾಸನೆಯೇ ಗತಿ. ಇನ್ನೊಂದು, ಅಲ್ಲಿನ ಅನೇಕ ಪ್ಲೇಯರ್‌ಗಳು 50 ಹರ್ಟ್ಸ್ ಚಿತ್ರ, ಅಂದರೆ ಪ್ಯಾಲ್, ತೋರಿಸುವುದೇ ಇಲ್ಲ. ರೀಜನ್ ಬಿಚ್ಚಿದರೂ ಬ್ರಿಟಿಷ್ ಸೆಟ್ ಓಡದೆ ಇರುವುದಕ್ಕೆ ಕಾರಣ ಅದೇ.

ಕಂಪ್ಯೂಟರಿನ ಡಿವಿಡಿ ಡ್ರೈವ್ ರೀಜನ್ ಬದಲಿಸಲು ಐದು ಸಲ ಮಾತ್ರ ಬಿಡುತ್ತದೆ, ಐದನೆಯದಕ್ಕೇ ಬೀಗ ಬಿದ್ದು ಹಾಗೇ ನಿಲ್ಲುತ್ತದೆ. ಎರಡು ದೇಶದ ಡಿಸ್ಕಿದ್ದರೆ ಎರಡು ಡ್ರೈವ್ ಇಟ್ಟುಕೊಳ್ಳುವುದು ಲೇಸು. ಬ್ಲೂ-ರೇಗೆ ಡ್ರೈವ್ ಇದ್ದರಷ್ಟೇ ಸಾಲದು, ಲೈಸೆನ್ಸ್ ಇರುವ ಪ್ಲೇಯರ್ ಸಾಫ್ಟ್‌ವೇರನ್ನು ಬೇರೆ ಕೊಳ್ಳಬೇಕು. ವಿಂಡೋಸ್ ಜೊತೆ ಅದು ಬರುವುದಿಲ್ಲ.

ಕಸ್ಟಮ್ಸ್

ಕೊರಿಯರ್‌ನವರು ಕೆವೈಸಿ ಕೇಳುತ್ತಾರೆ. ಅದನ್ನು ತಡಮಾಡಿದರೆ ಬಾಕ್ಸ್ ಗೋದಾಮಿನಲ್ಲೇ ಕೂರುತ್ತದೆ. ಸುಂಕದ ಲೆಕ್ಕ ಬರೀ ಡಿಸ್ಕಿನ ಬೆಲೆಯ ಮೇಲಲ್ಲ, ಸಾಗಣೆ ಮತ್ತು ವಿಮೆ ಸೇರಿಸಿ. ‘ಗಿಫ್ಟ್’ ಎಂದು ಬರೆಸುವ ಹಳೆಯ ಉಪಾಯ 2019ರ ಡಿಸೆಂಬರಿಗೇ ಮುಗಿಯಿತು. ಊರಿಗೆ ಬರುವವರ ಸೂಟ್‌ಕೇಸ್ ಅಗ್ಗದ ದಾರಿ ನಿಜ, ಆದರೆ ತೂಕ ಉಳಿಸಲು ಡಿಸ್ಕನ್ನು ಬಿಚ್ಚಿ ಕವರಿಗೆ ಹಾಕಿ ತರಬೇಡಿ ಎಂದು ಮೊದಲೇ ಹೇಳಿಬಿಡಿ.

ಹೊಟ್ಟೆ ನೋಡುವುದು

ಬಾಕ್ಸ್ ಬಿಚ್ಚುವ ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಗಲಗಲ ಎಂದರೆ ಯಾವುದೋ ಡಿಸ್ಕ್ ದಾರಿಯಲ್ಲಿ ಕಳಚಿದೆ. ಫೋನಿನಲ್ಲಿ ವಿಡಿಯೋ ಮಾಡುತ್ತಲೇ ಬಿಚ್ಚಿ, ವಾಪಸ್ ಕಳಿಸುವಾಗ ಅದೇ ಸಾಕ್ಷಿ.

ಡಿಸ್ಕನ್ನು ಅಂಚು ಹಿಡಿದು ಎಳೆಯಬಾರದು. ಡಿಸ್ಕನ್ನು ಹಿಡಿದಿರುವ ನಡುವಿನ ಹಲ್ಲಿನ ಬಟನ್ನನ್ನು ಒಂದು ಬೆರಳಲ್ಲಿ ಒತ್ತಿ, ಡಿಸ್ಕ್ ತಾನಾಗಿ ಮೇಲೆದ್ದ ಮೇಲೆ ತೆಗೆಯಿರಿ. ಡಿವಿಡಿ ಎಂದರೆ ಎರಡು ತೆಳು ಹಾಳೆ ಅಂಟಿಸಿದ್ದು. ಬಿಗಿ ಹಲ್ಲಿನಿಂದ ಬಗ್ಗಿಸಿ ಎಳೆದರೆ ನಡುವಿನ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಬರುತ್ತದೆ. ಇವತ್ತು ಓಡುತ್ತದೆ, ಆರು ತಿಂಗಳಿಗೆ ಬಿರುಕು ಒಳಗೆ ಹರಿದಿರುತ್ತದೆ. ಇನ್ನು ಟ್ಯೂಬ್‌ಲೈಟಿನ ಕೆಳಗೆ ಡಿಸ್ಕನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸಿ. ದೀಪದ ಬಿಳಿ ಪಟ್ಟಿ ಅಂಚಿನಿಂದ ನಡುವಿನವರೆಗೆ ಮುರಿಯದೆ ಹರಿಯಬೇಕು. ನಡುವಿನಿಂದ ಹೊರಗೆ ಗೀಟು ಎಳೆದ ಹಾಗಿರುವ ಗೀರು ಅಷ್ಟು ಅಪಾಯವಲ್ಲ, ಪ್ರತಿ ಸುತ್ತಿನಲ್ಲೂ ಚೂರು ಮಾತ್ರ ಕಳೆದುಹೋಗುವುದರಿಂದ ಪ್ಲೇಯರ್ ತಿದ್ದಿಕೊಳ್ಳುತ್ತದೆ. ಟ್ರ್ಯಾಕಿನ ಗುಂಟ, ಬಳೆಯ ಹಾಗೆ ಬಿದ್ದ ಗೀರು ಚಿಕ್ಕದಾದರೂ ಕೆಟ್ಟದ್ದು. ಒರೆಸುವಾಗಲೂ ಅದಕ್ಕೇ ನಡುವಿನಿಂದ ಹೊರಗೆ ನೇರ ಒರೆಸಬೇಕು, ಸುತ್ತಿಸಬಾರದು.

ನಡುವಿನ ಉಂಗುರವನ್ನೂ ಓದಿ. ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕಿನಲ್ಲಿ ಐಎಫ್‌ಪಿಐ ಎಂಬ ಸಣ್ಣ ಇಂಗ್ಲಿಷ್ ಅಕ್ಷರಗಳು, ಪಕ್ಕದಲ್ಲಿ ಸಂಖ್ಯೆ ಸಾಮಾನ್ಯವಾಗಿ ಇರುತ್ತವೆ. ಡಿವಿಡಿಯ ಕೆಳಮೈ ಬೆಳ್ಳಿ, ಎರಡು ಪದರದ್ದಾದರೆ ತುಸು ಹೊಂಬಣ್ಣ. ನೇರಳೆ ಛಾಯೆ ಕಂಡರೆ ಅದು ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕ್. ಎಣಿಕೆಯೂ ಗುಟ್ಟು ಬಿಡುತ್ತದೆ: 8.5 ಜಿಬಿಯ ಎರಡು ಪದರದ ಡಿವಿಡಿಯಲ್ಲಿ 45 ನಿಮಿಷದ ನಾಲ್ಕು ಕಂತು ನೆಮ್ಮದಿಯಾಗಿ ಕೂರುತ್ತವೆ. 22 ಕಂತಿನ ಸೀಸನ್ನಿಗೆ ಐದಾರು ಡಿಸ್ಕ್ ಬೇಕು. ಎರಡರಲ್ಲೇ ಮುಗಿಸಿದ್ದರೆ ಚಿತ್ರವನ್ನು ಹಿಂಡಿ ತುಂಬಿದ್ದಾರೆ.

ಇನ್ನು ಓಡಿಸುವುದು. ಮೊದಲ ಐದು ನಿಮಿಷ ನೋಡಿ ‘ಓಕೆ’ ಎನ್ನುವುದು ಪರೀಕ್ಷೆಯೇ ಅಲ್ಲ. ದತ್ತಾಂಶ ಒಳಗಿನಿಂದ ಹೊರಗೆ ಬರೆದಿರುತ್ತದೆ. ಎರಡು ಪದರದ ವಿಡಿಯೋ ಡಿವಿಡಿಯಲ್ಲಿ ಸಾಮಾನ್ಯವಾಗಿ ಎರಡನೇ ಪದರ ಹೊರಗಿನಿಂದ ಒಳಗೆ ವಾಪಸು ಬರುತ್ತದೆ. ಕೈ ತಾಗಿ ಹಾಳಾಗುವುದು ಹೊರಅಂಚು, ಅಲ್ಲಿ ಇರುವುದು ಡಿಸ್ಕಿನ ನಡುಮಧ್ಯದ ಕಂತುಗಳು. ನಾಲ್ಕು ಕಂತಿದ್ದರೆ ಎರಡನೆಯದರ ಕೊನೆ, ಮೂರನೆಯದರ ಶುರು: ಅಲ್ಲಿ ಹತ್ತು ನಿಮಿಷ ಕೂತು ನೋಡಿ. ಮಿಕ್ಕ ಕಂತುಗಳಲ್ಲಿ ಪ್ರತಿ ಚಾಪ್ಟರಿಗೂ ಹಾರಿ ಹತ್ತು ಸೆಕೆಂಡ್ ಸಾಕು. ಪದರ ಬದಲಾಗುವಾಗ ಅರೆಕ್ಷಣ ಚಿತ್ರ ನಿಂತರೆ ಅದು ದೋಷವಲ್ಲ. ಚೌಕ ಚೌಕ ಒಡೆದರೆ ದೋಷ. ಒಂದು ಡಿಸ್ಕಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಬೇಜಾರಿನ ಕೆಲಸ, ಆದರೂ ವಾಪಸು ಕೊಡುವ ಗಡುವಿನೊಳಗೇ ಮುಗಿಸಿ. ‘ನಿಧಾನಕ್ಕೆ ನೋಡೋಣ’ ಎಂದಿಟ್ಟ ಸೆಟ್ಟಿನ ಆರನೇ ಡಿಸ್ಕ್ ಕೈಕೊಡುವುದು ಗಡುವು ಮುಗಿದ ಮೇಲೆಯೇ.

ಟೂತ್‌ಪೇಸ್ಟ್ ಹಚ್ಚಿ ಗೀರು ತೆಗೆಯುವ ಮನೆಮದ್ದು ಡಿವಿಡಿಗೆ ಒಮ್ಮೊಮ್ಮೆ ನಾಟುತ್ತದೆ, ಅಲ್ಲಿ ದತ್ತಾಂಶ 0.6 ಮಿಲಿಮೀಟರ್ ಆಳದಲ್ಲಿದೆ. ಬ್ಲೂ-ರೇಯಲ್ಲಿ 0.1 ಮಿಲಿಮೀಟರ್ ಮಾತ್ರ, ಮೇಲೆ ಗಟ್ಟಿ ಲೇಪ ಬೇರೆ. ಉಜ್ಜಿದರೆ ಲೇಪವೇ ಹೋಗುತ್ತದೆ.

ಟಿವಿ, ಕರೆಂಟ್, ಕ್ರಮ

ಟಿವಿಯಲ್ಲಿ ಚಲನೆಯನ್ನು ನುಣುಪಾಗಿಸುವ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಅದಿದ್ದರೆ ಗೊಂಬೆ ನೌಕೆಗಳು ಗೊಂಬೆಗಳೆಂದು ತಟ್ಟನೆ ಗೊತ್ತಾಗುತ್ತದೆ. ಪ್ಲೇಯರಿನಲ್ಲಿ ಟಿವಿ ಆಕಾರ 16:9 ಇರಲಿ, ಚೌಕ ಚಿತ್ರಕ್ಕೆ ಎರಡು ಬದಿ ಕಪ್ಪು ಪಟ್ಟಿ ಬರಲಿ. ಪಟ್ಟಿ ಕಂಡು ‘ದುಡ್ಡು ಕೊಟ್ಟ ಟಿವಿ ವೇಸ್ಟು’ ಎಂದು ಯಾರಾದರೂ ಸ್ಟ್ರೆಚ್ ಮಾಡಿದರೆ ರಿಮೋಟ್ ಕಸಿದುಕೊಳ್ಳಿ.

ಮಳೆಗಾಲದ ಸಂಜೆ ಕರೆಂಟ್ ಹೋಗುವುದು ಖಾತ್ರಿ. ಇನ್ವರ್ಟರಿಗೆ ಬದಲಾಗುವ ಕ್ಷಣದಲ್ಲಿ ಪ್ಲೇಯರ್ ಆರಿ ಹೊತ್ತಿದರೆ ಅನೇಕ ಬ್ಲೂ-ರೇಗಳು ನಿಂತ ಜಾಗ ಮರೆಯುತ್ತವೆ, ಮತ್ತೆ ಎಚ್ಚರಿಕೆ ಪರದೆಯಿಂದ ಶುರು. ಟಿವಿಗೂ ಪ್ಲೇಯರಿಗೂ ಕಂಪ್ಯೂಟರಿನ ಯುಪಿಎಸ್ ಕೊಟ್ಟರೆ ಈ ತಾಪತ್ರಯ ಇಲ್ಲ.

ಕಂತಿನ ಕ್ರಮಕ್ಕೆ ಡಿಸ್ಕನ್ನೇ ನಂಬಿ, ಇಂಟರ್‌ನೆಟ್ಟಿನ ಪ್ರಸಾರ ದಿನಾಂಕವನ್ನಲ್ಲ. 2002ರಲ್ಲಿ ಫೈರ್‌ಫ್ಲೈ ಸೀರಿಯಲ್ಲನ್ನು ಅಮೆರಿಕದ ಫಾಕ್ಸ್ ಚಾನೆಲ್ ಕ್ರಮ ತಪ್ಪಿಸಿ ತೋರಿಸಿತು. ಪಾತ್ರಗಳನ್ನು ಪರಿಚಯಿಸುವ ಎರಡು ಗಂಟೆಯ ಮೊದಲ ಕಂತು ಕೊನೆಗೆ ಪ್ರಸಾರವಾಯಿತು, 14ರಲ್ಲಿ ಮೂರು ಕಂತು ಪ್ರಸಾರವೇ ಆಗಲಿಲ್ಲ. 2003ರ ಡಿವಿಡಿಯಲ್ಲಿ ಹದಿನಾಲ್ಕೂ ಸರಿಯಾದ ಕ್ರಮದಲ್ಲಿ ಬಂದವು, ಆ ಡಿವಿಡಿ ಮಾರಾಟವಾದ ರೀತಿ 2005ರ ಸಿನಿಮಾಕ್ಕೂ ದಾರಿಯಾಯಿತು. ಗೆಳೆಯರ ಗುಂಪಿನಲ್ಲಿ ನೋಡುವುದಾದರೆ ಲೆಕ್ಕ ಮೊದಲೇ ಹಾಕಿ: ಬ್ಯಾಬಿಲಾನ್ 5ರ 110 ಕಂತು, ವಾರಕ್ಕೆ ಎರಡರಂತೆ 55 ಭಾನುವಾರ. ಮನೆಯ ಹಾಲ್ ಸರಿ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಬೋರ್ಡ್ ಹಾಕಿ ತೋರಿಸಲು ಈ ಡಿಸ್ಕಿಗೆ ಅನುಮತಿ ಇಲ್ಲ.

ಇಡುವುದು

ಪುಸ್ತಕದ ಹಾಗೆ ನಿಲ್ಲಿಸಿಡಿ, ಪಡುವಣ ಬಿಸಿಲು ಬೀಳುವ ಗೋಡೆಯ ಶೆಲ್ಫ್ ಬೇಡ. ಹಳೆಯ ಸೆಟ್ಟುಗಳಲ್ಲಿ ಡಿಸ್ಕಿಗೆ ತಾಗುವ ಸ್ಪಂಜಿನ ತುಂಡಿದ್ದರೆ ತೆಗೆದು ಬಿಸಾಡಿ, ವರ್ಷ ಕಳೆದಂತೆ ಅದು ಕರಗಿ ಡಿಸ್ಕಿಗೆ ಅಂಟುತ್ತದೆ. ಜೂನಿನಿಂದ ಅಕ್ಟೋಬರ್‌ವರೆಗೆ ತೇವಕ್ಕೆ ಮೊದಲು ಹಾಳಾಗುವುದು ಡಿಸ್ಕಲ್ಲ, ಒಳಗಿನ ಬುಕ್‌ಲೆಟ್ ಮತ್ತು ರಟ್ಟಿನ ಕವಚ. ಶೆಲ್ಫಿನಲ್ಲಿ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣ ಇಡಿ. ಮರದ ಶೆಲ್ಫಾದರೆ ಹಿಂಬದಿಗೆ ಗೆದ್ದಲು ಹತ್ತಿದೆಯೇ ಆಗಾಗ ನೋಡಿ. ಎರವಲು ಕೇಳಿದವರಿಗೆ ಇಡೀ ಬಾಕ್ಸ್ ಕೊಡಬೇಡಿ, ಒಂದು ಸಲಕ್ಕೆ ಒಂದು ಡಿಸ್ಕ್, ಬೇರೆ ಗಟ್ಟಿ ಕೇಸಿನಲ್ಲಿ. ಖಾಲಿಯಾದ ಹಲ್ಲಿನ ಮೇಲೆ ಹೆಸರು, ತಾರೀಕು ಬರೆದ ಚೀಟಿ ಸಿಕ್ಕಿಸಿ.